ಬೀಳದ ಮನೆಗಳ ಎಂಜಿನಿಯರ್

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ಕನ್ನಡಿಗರ ಕಣ್ಣೆದುರು ಕನ್ನಂಬಾಡಿ ಕಟ್ಟೆ ಬಂದು ನಿಲ್ಲುತ್ತದೆ. ಕಟ್ಟಿದ್ದನ್ನು ತೋರಿಸಬಲ್ಲ ಎಂಜಿನಿಯರನ್ನು ನೆನಪಿನಲ್ಲಿಡುವುದು ಸುಲಭ. ಆದರೆ ಒಬ್ಬನ ಜೀವಮಾನದ ಕೆಲಸವೆಲ್ಲ ಕಟ್ಟಿದ್ದು ಬೀಳದಂತೆ ನೋಡಿಕೊಳ್ಳುವುದೇ ಆಗಿದ್ದರೆ, ಆತನ ಸ್ಮಾರಕವೆಂದು ಯಾವುದನ್ನು ತೋರಿಸುವುದು? ಭಾರತದಲ್ಲಿ ಭೂಕಂಪ ಎಂಜಿನಿಯರಿಂಗ್ ಎಂಬ ಶಾಸ್ತ್ರಕ್ಕೆ ಬುನಾದಿ ಹಾಕಿದ ಪ್ರೊಫೆಸರ್ ಜೈ ಕೃಷ್ಣ ಅವರ ವಿಷಯದಲ್ಲಿ ಆದದ್ದು ಇದೇ. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಅವರ ಹೆಸರು ಪಠ್ಯಪುಸ್ತಕದ ರಕ್ಷಾಪುಟದ ಮೇಲಿನ ಹೆಸರು. ಉಳಿದವರಿಗೆ ಅಷ್ಟೂ ಇಲ್ಲ. ಅವರು ತೀರಿಕೊಂಡು ಕಾಲು ಶತಮಾನ ದಾಟಿದೆ.

ರೋಣ ತಾಲ್ಲೂಕಿನ ಜಕ್ಕಲಿಯಂಥ ಬಯಲುಸೀಮೆಯ ಊರಿನಲ್ಲಿ ಹುಟ್ಟಿ, ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಬದುಕು ಕಳೆದ ನನಗೂ ಈ ಎಂಜಿನಿಯರರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿರುವುದು ನಮ್ಮೂರಿನ ಮಾಳಿಗೆ ಮನೆಗಳಿಂದ. ಅದನ್ನು ಮುಂದೆ ಹೇಳುತ್ತೇನೆ.

ಜೈ ಕೃಷ್ಣ ಹುಟ್ಟಿದ್ದು 1912ರ ಫೆಬ್ರುವರಿಯಲ್ಲಿ, ಇಂದಿನ ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ. ಅಲ್ಲಿಂದ ರೂರ್ಕಿ ದೂರವಲ್ಲ. ಗಂಗಾ ಕಾಲುವೆಯ ನಿರ್ಮಾಣಕ್ಕೆ ಬೇಕಾದ ಸಿಬ್ಬಂದಿಯನ್ನು ತರಬೇತುಗೊಳಿಸಲು 1847ರಲ್ಲಿ ಆರಂಭವಾದ ರೂರ್ಕಿಯ ಕಾಲೇಜು ಅಷ್ಟರಲ್ಲಿ ಥಾಮಸನ್ ಕಾಲೇಜ್ ಎಂದು ಹೆಸರಾಗಿತ್ತು. ಅಲ್ಲಿ ಪ್ರವೇಶ ದೊರೆಯುವುದೇ ಒಂದು ಸಾಧನೆ. ದೊರೆತರೆ ಸರ್ಕಾರಿ ಹುದ್ದೆ ಬಹುಮಟ್ಟಿಗೆ ಖಾತ್ರಿ. ಜೈ ಕೃಷ್ಣ ಅಲ್ಲಿಂದ ಪದವಿ ಪಡೆದು ಹೊರಬಂದದ್ದು 1935ರಲ್ಲಿ.

ಆ ಎರಡು ವರ್ಷಗಳು ಸಾಮಾನ್ಯ ವರ್ಷಗಳಾಗಿರಲಿಲ್ಲ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳು ನಡುಗಿದವು. ಮುಂಗೇರ್, ಮುಜಫ್ಫರ್‌ಪುರಗಳು ನೆಲಸಮವಾದವು. ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದೆಂದು ಗಾಂಧೀಜಿ ಹೇಳಿದ್ದೂ, ಪ್ರಕೃತಿಯ ವ್ಯಾಪಾರವನ್ನು ನೀತಿಯ ಜೊತೆ ಗಂಟುಹಾಕುವುದು ವಿಚಾರಹೀನತೆಯೆಂದು ರವೀಂದ್ರನಾಥ ಠಾಕೂರರು ವಿರೋಧಿಸಿದ್ದೂ ನಮಗೆಲ್ಲ ತಿಳಿದಿದೆ. ಆ ವಾಗ್ವಾದವನ್ನು ನಾವು ಇಂದಿಗೂ ಓದುತ್ತೇವೆ. ಆದರೆ ಗೋಡೆಗಳು ಏಕೆ ಬಿದ್ದವು ಎಂಬ ಮೂರನೆಯ ಪ್ರಶ್ನೆಯೊಂದು ಅಲ್ಲಿ ಉಳಿದುಹೋಗಿತ್ತು. ಮರುವರ್ಷ, 1935ರ ಮೇ 31ರ ನಸುಕಿನಲ್ಲಿ, ಬಲೂಚಿಸ್ತಾನದ ಕ್ವೆಟ್ಟಾ ನಗರ ಕುಸಿದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವಿನಾಶದ ನಡುವೆ ಒಂದಷ್ಟು ರೈಲ್ವೆ ವಸತಿಗೃಹಗಳು ಮಾತ್ರ ನೆಟ್ಟಗೆ ನಿಂತಿದ್ದವು. ಕೆಲವು ವರ್ಷ ಮೊದಲು ಅದೇ ಪ್ರಾಂತದಲ್ಲಿ ಸಂಭವಿಸಿದ ಭೂಕಂಪಗಳಿಂದ ಪಾಠ ಕಲಿತು, ಎಸ್.ಎಲ್. ಕುಮಾರ್ ಎಂಬ ಯುವ ರೈಲ್ವೆ ಎಂಜಿನಿಯರ್ ಅವುಗಳನ್ನು ಭೂಕಂಪಕ್ಕೆಂದೇ ಲೆಕ್ಕಹಾಕಿ ವಿನ್ಯಾಸಗೊಳಿಸಿದ್ದರು. ಠಾಕೂರರಿಗಿಂತ ಸಮರ್ಥವಾದ ಉತ್ತರವನ್ನು ಆ ಮನೆಗಳು ಕೊಟ್ಟವೆಂದು ನನಗನ್ನಿಸುತ್ತದೆ. ಕುಮಾರರ ಕೆಲಸ ಮಾತ್ರ ಒಂದು ಪ್ರಾಂತದ, ಒಂದು ಇಲಾಖೆಯ ಕೆಲಸವಾಗಿ ಉಳಿಯಿತು. ಅದನ್ನು ಶಾಸ್ತ್ರವಾಗಿ ಬೆಳೆಸಿ, ಕಲಿಸಿ, ನಿಯಮವಾಗಿ ಬರೆಯುವವರು ಬೇಕಾಗಿತ್ತು. ಆ ಕೆಲಸ ಶುರುವಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಸರ್ಕಾರಿ ಎಂಜಿನಿಯರರಾಗಿ ಸ್ವಲ್ಪ ಕಾಲ ದುಡಿದು ಜೈ ಕೃಷ್ಣ ರೂರ್ಕಿಗೆ ಅಧ್ಯಾಪಕರಾಗಿ ಮರಳಿದರು. ನಮ್ಮ ದೇಶದಲ್ಲಿ ಅಧಿಕಾರದ ಕುರ್ಚಿಯಿಂದ ಪಾಠದ ಕೋಣೆಗೆ ಹೋಗುವವರು ಅಂದೂ ಕಡಿಮೆ, ಇಂದೂ ಕಡಿಮೆ. ಸಹೋದ್ಯೋಗಿ ಒ.ಪಿ. ಜೈನ್ ಅವರೊಡನೆ ಬರೆದ ‘ಪ್ಲೇನ್ ಅಂಡ್ ರೀಇನ್‌ಫೋರ್ಸ್ಡ್ ಕಾಂಕ್ರೀಟ್’ ಎಂಬ ಪಠ್ಯಪುಸ್ತಕ ಹಲವು ತಲೆಮಾರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಸವೆಯಿತು. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳ ಹಳೆಯ ಪುಸ್ತಕದಂಗಡಿಗಳಲ್ಲಿ ಅದರ ಪ್ರತಿಗಳನ್ನು ನಾನೇ ಕಂಡಿದ್ದೇನೆ. 1949ರಲ್ಲಿ ಕಾಲೇಜು ವಿಶ್ವವಿದ್ಯಾಲಯವಾಯಿತು. 1954ರಲ್ಲಿ ಜೈ ಕೃಷ್ಣ ಲಂಡನ್ ವಿಶ್ವವಿದ್ಯಾಲಯದ ಪಿಎಚ್‌ಡಿ ಪಡೆದರು. ನಲವತ್ತೆರಡರ ಹರೆಯದ, ಹೆಸರು ಮಾಡಿದ ಕಾಂಕ್ರೀಟ್ ಪ್ರಾಧ್ಯಾಪಕರೊಬ್ಬರು ಅದೇ ದಾರಿಯಲ್ಲಿ ನಿವೃತ್ತಿಯವರೆಗೆ ನಿಶ್ಚಿಂತೆಯಿಂದ ಸಾಗಬಹುದಾಗಿತ್ತು.

ಅವರ ದಾರಿ ತಿರುಗಿದ್ದರಲ್ಲಿ ಅಂದಿನ ಕುಲಪತಿ ಎ.ಎನ್. ಖೋಸ್ಲಾ ಅವರ ಪಾತ್ರ ದೊಡ್ಡದು. ಖೋಸ್ಲಾ ನೀರಾವರಿ ಎಂಜಿನಿಯರರು, ಭಾಕ್ರಾ ಅಣೆಕಟ್ಟಿನ ಯೋಜನೆಯನ್ನು ಬಲ್ಲವರು. ಸ್ವತಂತ್ರ ಭಾರತ ಹಿಮಾಲಯದ ಬುಡದಲ್ಲಿ ಬೃಹತ್ ಅಣೆಕಟ್ಟುಗಳನ್ನು ಕಟ್ಟಲು ಹೊರಟಿತ್ತು. 1950ರ ಆಗಸ್ಟ್ 15ರಂದು, ದೇಶ ಸ್ವಾತಂತ್ರ್ಯೋತ್ಸವ ಆಚರಿಸುತ್ತಿದ್ದ ದಿನವೇ, ಅಸ್ಸಾಂನಲ್ಲಿ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಭೂಕಂಪಗಳಲ್ಲೊಂದು ಸಂಭವಿಸಿತ್ತು. ಗುಡ್ಡಗಳು ಕುಸಿದು ನದಿಗಳಿಗೆ ಅಡ್ಡ ಬಿದ್ದಿದ್ದವು. ಇಂಥ ನೆಲದ ಮೇಲೆ ಇನ್ನೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ನಿಲ್ಲಿಸುವವರು ನೆಲ ನಡುಗಿದರೆ ಏನಾದೀತೆಂದು ಕೇಳಿಕೊಳ್ಳಲೇಬೇಕಿತ್ತು. ಕೇಳಿದರೆ ಉತ್ತರಿಸಬಲ್ಲ ಸಂಸ್ಥೆಯೊಂದೂ ದೇಶದಲ್ಲಿರಲಿಲ್ಲ. ಜೈ ಕೃಷ್ಣ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಹೋಗಿ, ಜಾರ್ಜ್ ಹೌಸ್ನರ್ ಮತ್ತು ಡೊನಾಲ್ಡ್ ಹಡ್ಸನ್ ಅವರ ಬಳಿ ಈ ಹೊಸ ಶಾಸ್ತ್ರವನ್ನು ಕಲಿತು ಬಂದರು. ಮಧ್ಯವಯಸ್ಸಿನ ಪ್ರಾಧ್ಯಾಪಕ ಮತ್ತೆ ವಿದ್ಯಾರ್ಥಿಯ ಬೆಂಚಿನ ಮೇಲೆ ಕುಳಿತದ್ದನ್ನು ಅವರ ಪದಕಗಳಿಗಿಂತ ನಾನು ಹೆಚ್ಚು ಗೌರವದಿಂದ ನೆನೆಯುತ್ತೇನೆ.

ಆ ಶಾಸ್ತ್ರದ ತಿರುಳನ್ನು ಎಂಜಿನಿಯರಲ್ಲದ ನನ್ನಂಥವನು ಅರ್ಥಮಾಡಿಕೊಂಡ ಬಗೆ ಇದು. ಹಿಂದಿನ ಎಂಜಿನಿಯರರು ಭೂಕಂಪದ ಬಲವೆಂದರೆ ಕಟ್ಟಡದ ತೂಕದ ಹತ್ತನೆಯ ಒಂದು ಭಾಗವೆಂದೋ ಮತ್ತೊಂದೆಂದೋ ಅಂದಾಜು ಹಾಕಿ, ಅಷ್ಟು ಬಲ ಪಕ್ಕದಿಂದ ನೂಕಿದರೆ ನಿಲ್ಲುವಂತೆ ಕಟ್ಟುತ್ತಿದ್ದರು. ಆದರೆ ನೆಲ ಒಮ್ಮೆ ನೂಕಿ ಸುಮ್ಮನಾಗುವುದಿಲ್ಲ; ಹಿಂದೆ ಮುಂದೆ ಜೀಕುತ್ತದೆ. ನಮ್ಮ ಕಡೆ ನಾಗರಪಂಚಮಿಗೆ ಜೋಕಾಲಿ ಕಟ್ಟುತ್ತೇವೆ. ಪ್ರತಿ ಜೋಕಾಲಿಗೂ ಹಗ್ಗದ ಉದ್ದಕ್ಕೆ ತಕ್ಕ ಅದರದೇ ಓಲಾಟದ ಅವಧಿಯಿದೆ. ಆ ಅವಧಿಗೆ ಸರಿಯಾಗಿ ನೂಕಿದರೆ ಮಗು ಕೂಡ ದೊಡ್ಡವರನ್ನು ಮೇಲಕ್ಕೆ ತೂಗಬಲ್ಲದು. ತಪ್ಪಿ ನೂಕಿದರೆ ಜಟ್ಟಿಯ ಬಲವೂ ವ್ಯರ್ಥ. ಕಟ್ಟಡಗಳೂ ಹಾಗೆಯೇ. ಕುಳ್ಳು ಕಟ್ಟಡ ಬೇಗ ಬೇಗ ನಡುಗುತ್ತದೆ, ಎತ್ತರದ್ದು ನಿಧಾನವಾಗಿ ಓಲಾಡುತ್ತದೆ. ಒಂದೇ ಭೂಕಂಪ ಒಂದನ್ನು ಉಳಿಸಿ ಪಕ್ಕದ್ದನ್ನು ಕೆಡವುವುದಕ್ಕೆ ಇದೊಂದು ಮುಖ್ಯ ಕಾರಣ. ಹೌಸ್ನರ್ ಮತ್ತು ಅವರ ಸಂಗಡಿಗರು ನೆಲದ ನಿಜವಾದ ಚಲನೆಯ ದಾಖಲೆಗಳಿಂದ ಯಾವ ಓಲಾಟದ ಕಟ್ಟಡಕ್ಕೆ ಎಷ್ಟು ಪೆಟ್ಟು ಬೀಳುತ್ತದೆಂದು ಲೆಕ್ಕ ಹಾಕುವ ವಿಧಾನವನ್ನು ಬೆಳೆಸಿದ್ದರು. ಅದಕ್ಕೆ ಬೇಕಾದದ್ದು ಮೂರು: ಗಣಿತ, ಅಳೆಯುವ ಉಪಕರಣ ಮತ್ತು ಅವೆರಡನ್ನೂ ಬಲ್ಲ ಜನ. ಭಾರತದಲ್ಲಿ ಮೂರಕ್ಕೂ ಕೊರತೆಯಿತ್ತು.

1959ರಲ್ಲಿ ರೂರ್ಕಿಯಲ್ಲಿ ದೇಶದ ಮೊದಲ ಭೂಕಂಪ ಎಂಜಿನಿಯರಿಂಗ್ ವಿಚಾರ ಸಂಕಿರಣ ನಡೆಯಿತು. ಮರುವರ್ಷ, 1960ರಲ್ಲಿ, ಭೂಕಂಪ ಎಂಜಿನಿಯರಿಂಗ್ ಸಂಶೋಧನೆ ಮತ್ತು ತರಬೇತಿ ಶಾಲೆ ಜೈ ಕೃಷ್ಣ ಅವರ ನೇತೃತ್ವದಲ್ಲಿ ಆರಂಭವಾಯಿತು. ವಿದೇಶದಿಂದ ತರಿಸುವ ಕಂಪನಮಾಪಕಗಳಿಗೆ ವಿದೇಶಿ ವಿನಿಮಯ ಬೇಕು. ಆ ಕಾಲದಲ್ಲಿ ವಿದೇಶಿ ವಿನಿಮಯವೆಂದರೆ ದೆಹಲಿಯ ಎಷ್ಟು ಬಾಗಿಲು ತಟ್ಟಬೇಕಿತ್ತೆಂಬುದನ್ನು ಕಡತಗಳನ್ನು ಬಲ್ಲವರು ಊಹಿಸಬಲ್ಲರು. ಶಾಲೆಯ ಕಾರ್ಯಾಗಾರದಲ್ಲಿ ಅಗ್ಗದ ಉಪಕರಣವೊಂದನ್ನು ತಯಾರಿಸಿದರು. ಬೇರೆ ಬೇರೆ ಅವಧಿಯಲ್ಲಿ ತೂಗುವ ಲೋಲಕಗಳ ಒಂದು ಗುಂಪು. ಮಸಿ ಹಿಡಿಸಿದ ಗಾಜಿನ ಮೇಲೆ ಅವು ಗೀರುವ ಗೆರೆ. ವಿದ್ಯುತ್ ಬೇಡ, ಗಡಿಯಾರ ಬೇಡ, ಕಾವಲುಗಾರನೂ ಬೇಡ. ನೆಲ ನಡುಗಿದ ಮೇಲೆ ಹೋಗಿ ಗಾಜನ್ನು ತೆಗೆದು ನೋಡಿದರೆ ಅಲ್ಲಿನ ಕಟ್ಟಡಗಳಿಗೆ ಎಷ್ಟು ಪೆಟ್ಟು ಬಿದ್ದಿರಬಹುದೆಂದು ತಿಳಿಯುತ್ತಿತ್ತು. 1962ರಲ್ಲಿ ಭಾರತೀಯ ಭೂಕಂಪ ತಂತ್ರಜ್ಞಾನ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆ ಐಎಸ್ 1893 ಎಂಬ ಸಂಹಿತೆಯನ್ನು ಪ್ರಕಟಿಸಿತು. ಭೂಕಂಪಕ್ಕೆ ತಾಳುವಂತೆ ಕಟ್ಟಡಗಳನ್ನು ವಿನ್ಯಾಸ ಮಾಡುವುದು ಹೇಗೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಬರೆದ ಮೊದಲ ನಿಯಮಾವಳಿ ಅದು. ಆ ಸಮಿತಿಯ ಕೆಲಸದಲ್ಲಿ ಜೈ ಕೃಷ್ಣ ಅವರದು ಮುಂಚೂಣಿಯ ಪಾತ್ರ. ದೇಶವನ್ನು ಅಪಾಯದ ಪ್ರಮಾಣಕ್ಕನುಗುಣವಾಗಿ ವಲಯಗಳಾಗಿ ವಿಂಗಡಿಸಿದ ನಕ್ಷೆಯೂ ಅದರಲ್ಲಿತ್ತು. ಹಿಮಾಲಯಕ್ಕೆ ಗಾಢ ಬಣ್ಣ. ದಖ್ಖನಿಗೆ, ಎಂದರೆ ನಮಗೆ, ಬಹುಪಾಲು ತಿಳಿ ಬಣ್ಣ. ದಕ್ಷಿಣದ ಕಲ್ಲುನೆಲ ಹಳೆಯದು, ಗಟ್ಟಿಯಾದದ್ದು, ಅಲ್ಲಾಡುವುದಿಲ್ಲವೆಂಬುದು ಅಂದಿನ ಭೂವಿಜ್ಞಾನದ ಸಾಮಾನ್ಯ ನಂಬಿಕೆ.

ಆ ನಂಬಿಕೆ ಐದೇ ವರ್ಷದಲ್ಲಿ ಬಿರುಕುಬಿಟ್ಟಿತು. 1967ರ ಡಿಸೆಂಬರ್ 11, ಬೆಳಗಿನ ಜಾವ ನಾಲ್ಕು ಗಂಟೆ ಇಪ್ಪತ್ತೊಂದು ನಿಮಿಷ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾನಗರ ಕುಸಿಯಿತು. ಸುಮಾರು ನೂರೆಂಬತ್ತು ಜನ ಸತ್ತರು. ಮುಂಬೈಗೆ ವಿದ್ಯುತ್ ನಿಂತಿತು. ಸಹ್ಯಾದ್ರಿಯ ಇಳಿಜಾರಿನಲ್ಲಿ ಹುಟ್ಟಿದ ಆ ನಡುಕ ಕೃಷ್ಣೆಯ ಈಚೆಗೂ ತಲುಪಿತು. ನಮ್ಮ ಕಡೆಯ ಹಿರಿಯರು ವರ್ಷಗಳ ಲೆಕ್ಕವನ್ನು ಬರಗಾಲದಿಂದ ಹಿಡಿಯುವಂತೆ ಕೊಯ್ನಾ ನಡುಗಿದ ವರ್ಷದಿಂದಲೂ ಹಿಡಿಯುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ.

ಅಲ್ಲಿನ 103 ಮೀಟರ್ ಎತ್ತರದ ಅಣೆಕಟ್ಟನ್ನು ಭೂಕಂಪವನ್ನು ಸಂಪೂರ್ಣ ಮರೆತು ಕಟ್ಟಿರಲಿಲ್ಲ. ಗುರುತ್ವದ ಶೇಕಡ 5ರಷ್ಟು ಅಡ್ಡಬಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು; ಆ ಪ್ರದೇಶಕ್ಕೆ ಅಷ್ಟು ಸಾಕೆಂಬುದು ಆ ಕಾಲದ ರೂಢಿ. ಅದೃಷ್ಟವಶಾತ್ ಅಣೆಕಟ್ಟಿನೊಳಗಿನ ಸುರಂಗದಲ್ಲಿ ನೆಲದ ಚಲನೆಯನ್ನು ಕ್ಷಣಕ್ಷಣಕ್ಕೆ ದಾಖಲಿಸುವ ಉಪಕರಣವೊಂದಿತ್ತು. ಅದು ಬರೆದಿಟ್ಟ ಗರಿಷ್ಠ ಬಲ ಗುರುತ್ವದ ಶೇಕಡ 63. ಲೆಕ್ಕಕ್ಕಿಂತ ಹನ್ನೆರಡು ಪಟ್ಟಿಗೂ ಮಿಗಿಲು. ಅಣೆಕಟ್ಟು ಒಡೆಯಲಿಲ್ಲ. ಆದರೆ ಅದರ ಹಿಂಬದಿಯ ಇಳಿಜಾರು ಬದಲಾಗುವ ಮಟ್ಟದಲ್ಲಿ ಬಿರುಕುಗಳು ಹರಿದವು. ಒಡೆದಿದ್ದರೆ ಕೆಳಗಿನ ಕಣಿವೆಯ ಗತಿ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಿಲ್ಲ. ಕೊಯ್ನೆ ಸೇರುವುದು ಕೃಷ್ಣೆಯನ್ನು.

ಜೈ ಕೃಷ್ಣ ಮತ್ತು ಅವರ ತಂಡ ಕೊಯ್ನಾದ ಹಾನಿಯನ್ನೂ ಆ ದಾಖಲೆಯನ್ನೂ ಅಭ್ಯಸಿಸಿತು. ಎ.ಆರ್. ಚಂದ್ರಶೇಖರನ್ ಮುಂತಾದವರೊಡನೆ ಅವರು ಮಾಡಿದ ವಿಶ್ಲೇಷಣೆ 1969ರಲ್ಲಿ ಅಮೆರಿಕದ ಭೂಕಂಪ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನಿಂದ ಜಗತ್ತಿನಲ್ಲಿ ಎಲ್ಲೇ ಕಾಂಕ್ರೀಟ್ ಅಣೆಕಟ್ಟನ್ನು ಭೂಕಂಪಕ್ಕೆ ಪರೀಕ್ಷಿಸುವವರಿಗೂ ಕೊಯ್ನಾ ಒಂದು ಪಾಠದ ಉದಾಹರಣೆ. ಎತ್ತರದ ಅಣೆಕಟ್ಟನ್ನು ಸ್ಥಿರವಾದ ಬಂಡೆಯೆಂದು ಎಣಿಸಿ ಒಂದೇ ಪ್ರಮಾಣದ ಬಲ ಹಚ್ಚಿದರೆ ಸಾಲದು, ಅದೂ ತನ್ನ ಲಯದಲ್ಲಿ ಓಲಾಡುತ್ತದೆ, ಮೇಲ್ಭಾಗಕ್ಕೆ ಪೆಟ್ಟು ಹೆಚ್ಚು ಎಂಬ ಪಾಠ ಅದು. ಕೊಯ್ನಾದ ಬಳಿಕ 1970ರಲ್ಲಿ ಸಂಹಿತೆಯನ್ನೂ ನಕ್ಷೆಯನ್ನೂ ತಿದ್ದಿದರು. ಏಳು ವಲಯಗಳು ಐದಾದವು, ಕೊಯ್ನಾ ನಾಲ್ಕನೆಯ ವಲಯಕ್ಕೇರಿತು. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ನಕ್ಷೆ ಭೂಕಂಪದ ಹಿಂದೆ ಹಿಂದೆಯೇ ನಡೆದಿದೆ. ಎಲ್ಲಿ ಸಾವು ಸಂಭವಿಸಿತೋ ಅಲ್ಲಿ ಆ ಬಳಿಕ ಬಣ್ಣ ಗಾಢವಾಗಿದೆ. ಇದನ್ನು ಜೈ ಕೃಷ್ಣ ಅವರ ಲೋಪವೆನ್ನಲಾರೆ. ದಾಖಲೆಯಿಲ್ಲದ ನೆಲದ ಬಗ್ಗೆ ಯಾವ ಶಾಸ್ತ್ರಜ್ಞನೂ ಮೊದಲೇ ನುಡಿಯಲಾರ. ಆದರೆ ಆಡಳಿತಗಾರರು ತಿಳಿ ಬಣ್ಣವನ್ನು ಅಭಯಪತ್ರವೆಂದು ಓದಿಕೊಂಡದ್ದು ಸಲ್ಲದ ಕೆಲಸ.

ಅಣೆಕಟ್ಟು, ಸೇತುವೆ, ವಿದ್ಯುತ್ ಸ್ಥಾವರಗಳ ಜೊತೆಗೆ ಜೈ ಕೃಷ್ಣ ಮತ್ತು ಅವರ ಶಿಷ್ಯರು ಇನ್ನೊಂದು ವಿಷಯಕ್ಕೆ ಕೈಹಾಕಿದ್ದರು. ನನ್ನ ಮಟ್ಟಿಗೆ ಅವರು ದೊಡ್ಡವರಾಗುವುದು ಅದರಿಂದ. ಅಮೆರಿಕ, ಜಪಾನುಗಳ ಸಂಶೋಧನೆ ಅಂದು ಬಹುಪಾಲು ಉಕ್ಕು, ಕಾಂಕ್ರೀಟ್ ಮತ್ತು ಮರದ ಕಟ್ಟಡಗಳ ಸುತ್ತ ಇತ್ತು. ಭಾರತದಲ್ಲಿ ಭೂಕಂಪದಿಂದ ಸಾಯುವವರು ಸಾಯುವುದು ಕಲ್ಲು, ಇಟ್ಟಿಗೆ, ಮಣ್ಣಿನ ಮನೆಗಳಲ್ಲಿ. ಇಂಥ ಮನೆಗೆ ವಾಸ್ತುಶಿಲ್ಪಿಯೂ ಇಲ್ಲ, ಎಂಜಿನಿಯರೂ ಇಲ್ಲ, ಗೌಂಡಿಯೇ ಎಲ್ಲ. ಇದನ್ನು ಬಲಪಡಿಸುವುದು ಹೇಗೆ, ಅದೂ ಬಡವನಿಗೆ ಎಟಕುವ ಖರ್ಚಿನಲ್ಲಿ? ಬ್ರಿಜೇಶ್ ಚಂದ್ರ, ಎ.ಎಸ್. ಆರ್ಯ ಮೊದಲಾದ ಸಹೋದ್ಯೋಗಿಗಳೊಡನೆ ಅವರ ಶಾಲೆ ಇಟ್ಟಿಗೆ ಗೋಡೆಗಳ ಮೇಲೆ ಪ್ರಯೋಗ ನಡೆಸಿತು. 1970ರ ದಶಕದಲ್ಲಿ ಅಲ್ಲಿ ರೈಲುಹಳಿ ಹಾಕಿ, ವ್ಯಾಗನ್ ಮೇಲೆ ಇಟ್ಟಿಗೆಯ ಮಾದರಿ ಮನೆ ಕಟ್ಟಿ, ಇನ್ನೊಂದು ಭಾರದ ವ್ಯಾಗನ್ನನ್ನು ಅದಕ್ಕೆ ಡಿಕ್ಕಿ ಹೊಡೆಸಿ ನೋಡುವ ಏರ್ಪಾಡನ್ನೂ ಮಾಡಿದರು. ಕೋಟಿಗಟ್ಟಲೆ ಬೆಲೆಯ ಕಂಪನ ವೇದಿಕೆಯಿಲ್ಲದ ಬಡ ದೇಶದ ಜಾಣತನ ಅದು.

ಪ್ರಯೋಗಗಳಿಂದ ತಿಳಿದದ್ದು ಇಷ್ಟು. ನೆಲ ಅಲುಗಿದಾಗ ಮನೆಯ ನಾಲ್ಕು ಗೋಡೆಗಳು ನಾಲ್ಕು ದಿಕ್ಕಿಗೆ ಎಳೆಯುತ್ತವೆ. ಮೂಲೆಗಳು ಮೊದಲು ಬಿಡುತ್ತವೆ. ಮೂಲೆ ಬಿಟ್ಟ ಗೋಡೆ ಒಂಟಿಯಾಗಿ ಹೊರಕ್ಕೆ ಬೀಳುತ್ತದೆ, ಅದರ ಮೇಲಿದ್ದ ಚಾವಣಿ ಒಳಕ್ಕೆ ಬೀಳುತ್ತದೆ. ಚಾವಣಿ ಎಷ್ಟು ಭಾರವೋ ಎಳೆತವೂ ಅಷ್ಟು ಹೆಚ್ಚು. ಆದ್ದರಿಂದ ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ, ತುಂಡು ತುಂಡಾಗಿ ಅಲ್ಲದೆ, ಮನೆಯ ಸುತ್ತ ಎಲ್ಲ ಗೋಡೆಗಳ ಮೇಲೂ ಕಡಿಯದೆ ಹಾಯುವ ತೆಳುವಾದ ಕಾಂಕ್ರೀಟ್ ಪಟ್ಟಿಯೊಂದನ್ನು ಕಬ್ಬಿಣದ ಸರಳು ಸೇರಿಸಿ ಹಾಕಬೇಕು. ಮೂಲೆಗಳಲ್ಲಿ ಬುನಾದಿಯಿಂದ ಮೇಲಿನವರೆಗೆ ನೆಟ್ಟಗೆ ಒಂದೊಂದು ಸರಳು ನಿಲ್ಲಿಸಬೇಕು. ನಮ್ಮ ಕಮ್ಮಾರರು ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಬಿಗಿಯುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಪಟ್ಟೆ ಇರುವತನಕ ಅರಗಳೂ ಗುಂಭವೂ ಒಂದೇ ಗಾಲಿ. ಪಟ್ಟೆ ಕಳಚಿದರೆ ಕಟ್ಟಿಗೆಯ ರಾಶಿ. 1967ರಲ್ಲಿ ಬಂದ ಐಎಸ್ 4326 ಸಂಹಿತೆ ಈ ಪಟ್ಟಿಯ ಮಾತನ್ನು ನಿಯಮವಾಗಿಸಿತು. ಮನೆಯ ಒಟ್ಟು ವೆಚ್ಚದೊಡನೆ ಹೋಲಿಸಿದರೆ ಇದಕ್ಕೆ ಬೀಳುವ ಹೆಚ್ಚಿನ ಖರ್ಚು ಅಲ್ಪ.

ಈಗ ಮಾಳಿಗೆ ಮನೆಗಳ ವಿಷಯ. ಜಕ್ಕಲಿಯಲ್ಲಿ, ನರೇಗಲ್ಲಿನಲ್ಲಿ, ರೋಣದ ಸುತ್ತಮುತ್ತ ಎಲ್ಲೇ ಹೋದರೂ ಹಳೆಯ ಮನೆಗಳ ಮಾದರಿ ಒಂದೇ. ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿದ ಎರಡು ಎರಡೂವರೆ ಅಡಿ ದಪ್ಪದ ಗೋಡೆ. ಒಳಗೆ ಮರದ ಕಂಬ, ತೊಲೆ, ಜಂತಿ. ಅದರ ಮೇಲೆ ಹಲಗೆಯೋ ಕಟ್ಟಿಗೆಯೋ ಹಾಸಿ, ಮೇಲೆ ಅಡಿಗಟ್ಟಲೆ ಮೇಲುಮುದ್ದೆಯ ಮಣ್ಣು. ಪ್ರತಿ ಬೇಸಿಗೆಯಲ್ಲೂ ಮಳೆಗೆ ಮುನ್ನ ಸವುಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಾರೆ. ಹಳೆಯದನ್ನು ತೆಗೆಯುವವರು ಕಡಿಮೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮಾಳಿಗೆಯ ಭಾರ ಏರುತ್ತ ಹೋಗುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆ ಮನೆಗಳ ಸುಖವನ್ನು ಉಂಡ ನಾನು ಅವುಗಳನ್ನು ಹಳಿಯಲಾರೆ. ಆದರೆ ರೂರ್ಕಿಯ ಲೆಕ್ಕದಲ್ಲಿ, ಕೂಡಿಸುವ ಪಟ್ಟಿಯಿಲ್ಲದ ದಪ್ಪ ಗೋಡೆಯ ಮೇಲೆ ಟನ್ನುಗಟ್ಟಲೆ ಮಣ್ಣು ಹೊತ್ತ ಮನೆಗಿಂತ ಅಪಾಯದ ಮನೆ ಇನ್ನೊಂದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಆಗಷ್ಟೇ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದು ಇದೇ. ಆ ಭೂಕಂಪದ ಪ್ರಮಾಣ 6.2. ಜಗತ್ತಿನ ಲೆಕ್ಕದಲ್ಲಿ ಅದು ಮಧ್ಯಮ. ಸತ್ತವರು ಎಂಟು ಸಾವಿರದ ಆಸುಪಾಸು. ಅಂದಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಒಂದನೆಯ ವಲಯದಲ್ಲಿ, ಎಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಆ ಊರು ನಮ್ಮ ಆಳಂದ, ಬಸವಕಲ್ಯಾಣಗಳ ನೆರೆಯದು. ಅಲ್ಲಿನ ಮನೆಗಳು ಜಕ್ಕಲಿಯ ಮನೆಗಳ ಅಣ್ಣತಮ್ಮಂದಿರು. ಅದೇ ಕಲ್ಲು, ಅದೇ ಮಣ್ಣು, ಅದೇ ಮಾಳಿಗೆ. ಮರದ ಕಂಬ ತೊಲೆಗಳು ಗಟ್ಟಿಯಾಗಿ ಕೂಡಿಕೊಂಡಿದ್ದ ಕೆಲವು ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು. ಉಳಿದ ಕಡೆ ಜನ ಸತ್ತದ್ದು ತಮ್ಮ ಅಜ್ಜಂದಿರು ಹೊತ್ತು ಹಾಕಿದ ಮಣ್ಣಿನ ಕೆಳಗೆ. ಅಲ್ಲಿನ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದಾಗ ನನಗೆ ನಮ್ಮ ಓಣಿಯೇ ಕಂಡಿತು. ಜೈ ಕೃಷ್ಣ ಎಂಬ ಹೆಸರನ್ನು ನಾನು ಹುಡುಕಿಕೊಂಡು ಓದಿದ್ದು ಆ ಬಳಿಕವೇ. ಕಾಲು ಶತಮಾನದ ಹಿಂದೆಯೇ ಉತ್ತರ ಬರೆದಿಟ್ಟಿದ್ದರೂ ಅದು ಕಿಲ್ಲಾರಿಯ ಗೌಂಡಿಯನ್ನು ತಲುಪಿರಲಿಲ್ಲ.

ಅಧಿಕಾರ ಮತ್ತು ಪ್ರಶಸ್ತಿಗಳ ಪಟ್ಟಿ ಉದ್ದವಿದೆ, ಚುಟುಕಾಗಿ ಹೇಳಿಬಿಡುತ್ತೇನೆ. 1966ರಲ್ಲಿ ಭಟ್ನಾಗರ್ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ. 1971ರಿಂದ 1977ರವರೆಗೆ ರೂರ್ಕಿ ವಿಶ್ವವಿದ್ಯಾಲಯದ ಕುಲಪತಿ. 1977ರಲ್ಲಿ ಭೂಕಂಪ ಎಂಜಿನಿಯರಿಂಗ್ ವಿಶ್ವ ಸಮ್ಮೇಳನ ದೆಹಲಿಯಲ್ಲಿ ನಡೆದಾಗ ಅಂತರರಾಷ್ಟ್ರೀಯ ಭೂಕಂಪ ಎಂಜಿನಿಯರಿಂಗ್ ಸಂಘದ ಅಧ್ಯಕ್ಷತೆ ಅವರಿಗೆ ಬಂತು. ಹಿಂದೆ ಆ ಸ್ಥಾನದಲ್ಲಿದ್ದವರಲ್ಲಿ ಅವರ ಗುರು ಹೌಸ್ನರ್ ಒಬ್ಬರು. 1987ರಲ್ಲಿ ಭಾರತೀಯ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರು ಅವರೇ.

ಇಷ್ಟು ಗೌರವ ಪಡೆದವರ ಬದುಕಿನ ಕೊನೆಯ ಅಧ್ಯಾಯದಲ್ಲಿ ವಿವಾದವೂ ಇತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ಅವರಿಗೂ ಓದುಗರಿಗೂ ಸಲ್ಲಿಸುವ ಗೌರವವಲ್ಲ. ಗಢವಾಲದ ತೆಹ್ರಿಯಲ್ಲಿ ಭಾಗೀರಥಿಗೆ ಅಡ್ಡಲಾಗಿ 260 ಮೀಟರ್ ಎತ್ತರದ ಅಣೆಕಟ್ಟು ಕಟ್ಟುವ ಯೋಜನೆಯ ಭೂಕಂಪ ಸುರಕ್ಷತೆಯ ಬಗ್ಗೆ 1990ರ ಸುಮಾರಿಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಎದ್ದಿತು. ಅಲ್ಲಿ ಸಂಭವಿಸಬಹುದಾದ ಕಂಪನದ ಬಲವನ್ನು ಕಡಿಮೆ ಅಂದಾಜು ಮಾಡಲಾಗಿದೆಯೆಂದು ಭೂಭೌತ ವಿಜ್ಞಾನಿ ವಿನೋದ್ ಗೌರ್ ಪ್ರತಿಪಾದಿಸಿದರು. ಸರ್ಕಾರ ಜೈ ಕೃಷ್ಣ ಅವರ ಅಭಿಪ್ರಾಯ ಕೇಳಿತು. ವಿನ್ಯಾಸ ಸುರಕ್ಷಿತವೆಂಬುದು ಅವರ ನಿಲುವಾಯಿತು. 1991ರ ಅಕ್ಟೋಬರಿನಲ್ಲಿ ಅದೇ ಸೀಮೆಯ ಉತ್ತರಕಾಶಿ ನಡುಗಿದಾಗ ವಿವಾದ ಮತ್ತೆ ಕಾವೇರಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2003ರಲ್ಲಿ ಬಹುಮತದ ತೀರ್ಪು ಯೋಜನೆಯನ್ನು ಮುಂದುವರಿಯಗೊಟ್ಟಿತು. ಅಣೆಕಟ್ಟು ಎದ್ದು ನಿಂತಿದೆ. ಅದು ಎದುರಿಸಬೇಕಾದ ದೊಡ್ಡ ಪರೀಕ್ಷೆ ಇನ್ನೂ ಬಂದಿಲ್ಲ.

ಯಾರು ಸರಿಯೆಂದು ತೀರ್ಮಾನಿಸುವ ಅರ್ಹತೆ ನನಗಿಲ್ಲ. ಆದರೆ ಸರ್ಕಾರಿ ವ್ಯವಸ್ಥೆಯನ್ನು ಒಳಗಿನಿಂದ ಕಂಡವನಾಗಿ ಒಂದು ಅಸಮಾಧಾನವನ್ನು ದಾಖಲಿಸುತ್ತೇನೆ. ತಜ್ಞರೊಳಗೆ ಭೇದವಿದ್ದಾಗ ಅತಿ ದೊಡ್ಡ ಹೆಸರಿನವರೊಬ್ಬರ ಅಭಿಪ್ರಾಯ ತಂದು ಕಡತಕ್ಕೆ ಲಗತ್ತಿಸಿ ಚರ್ಚೆ ಮುಗಿಸುವುದು ನಮ್ಮ ಹಳೆಯ ಅಭ್ಯಾಸ. ಅದರಿಂದ ಕಡತ ಮುಂದೆ ಸಾಗುತ್ತದೆ, ಪ್ರಶ್ನೆ ಅಲ್ಲೇ ಉಳಿಯುತ್ತದೆ. ಎಂಬತ್ತರ ಹತ್ತಿರದ ಜೈ ಕೃಷ್ಣ ಅವರ ಹೆಗಲ ಮೇಲೆ ಆ ಭಾರ ಹೊರಿಸಬಾರದಿತ್ತು. ಹಾಗೆಂದು ಅವರು ಹೇಳಿದ್ದನ್ನು ಅಧಿಕಾರಸ್ಥರನ್ನು ಮೆಚ್ಚಿಸುವ ಮಾತೆಂದು ಕರೆಯುವವರ ಜೊತೆಗೂ ನಾನಿಲ್ಲ. ಕಲ್ಲು ಮಣ್ಣು ತುಂಬಿ ಕಟ್ಟಿದ ಅಗಲ ಬುಡದ ಅಣೆಕಟ್ಟು ಕಾಂಕ್ರೀಟ್ ಗೋಡೆಯಂತೆ ಸೀಳುವುದಿಲ್ಲ, ಕಂಪನವನ್ನು ಹೀರಿ ಸ್ವಲ್ಪ ಕುಸಿದು ನಿಲ್ಲಬಲ್ಲದು ಎಂಬ ಎಂಜಿನಿಯರಿಂಗ್ ತಿಳಿವಳಿಕೆಗೆ ಗಟ್ಟಿ ಆಧಾರಗಳಿವೆ.

ಜೈ ಕೃಷ್ಣ 1999ರ ಆಗಸ್ಟಿನಲ್ಲಿ ತೀರಿಕೊಂಡರು. ಹದಿನೇಳು ತಿಂಗಳ ಬಳಿಕ, 2001ರ ಜನವರಿ 26ರಂದು, ಭುಜ್ ಭೂಕಂಪ ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಅನೇಕವು ವಾಹನ ನಿಲ್ಲಿಸಲೆಂದು ನೆಲಮಟ್ಟದಲ್ಲಿ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತಿದ್ದವು. ಸಂಹಿತೆ ಬಂದು ಆಗ ಮೂವತ್ತೊಂಬತ್ತು ವರ್ಷ. ಅದನ್ನು ಪಾಲಿಸಲೇಬೇಕೆಂಬ ಒತ್ತಾಯ ಹೆಚ್ಚಿನ ನಗರಸಭೆಗಳ ಕಟ್ಟಡ ನಿಯಮಗಳಲ್ಲಿರಲಿಲ್ಲ. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ಮೂರನೆಯದಕ್ಕೆ ಏರಿತು, ಗದಗ ಎರಡನೆಯದಕ್ಕೆ ಬಂತು. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ನೆಲ ನಡುಗಿ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದ್ದನ್ನು ಓದುಗರು ಮರೆತಿರಲಾರರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಕಗ್ಗಂಟಿದೆ. ಬಿದ್ದ ಮನೆಗೆ ಪರಿಹಾರದ ಲೆಕ್ಕಶೀರ್ಷಿಕೆ ಇದೆ. ಬೀಳದ ಮನೆಗೆ ಯಾವ ಶೀರ್ಷಿಕೆಯೂ ಇಲ್ಲ. ಕಿಲ್ಲಾರಿಯ ಬಳಿಕ ವಿಶ್ವಬ್ಯಾಂಕಿನ ನೆರವಿನಿಂದ ಊರೂರುಗಳನ್ನೇ ಹೊಸದಾಗಿ ಕಟ್ಟಿದರು. ಆ ಹಣದ ಒಂದು ಸಣ್ಣ ಪಾಲು ಮೊದಲೇ ಸರಳು ಸಿಮೆಂಟುಗಳಾಗಿ ಗೋಡೆಗಳೊಳಗೆ ಸೇರಿದ್ದರೆ ಎಂಬ ಪ್ರಶ್ನೆಯನ್ನು ಯಾವ ಲೆಕ್ಕಪರಿಶೋಧಕನೂ ಕೇಳುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯ ಶಾಲಾ ಕೊಠಡಿಗಳ ಅಂದಾಜುಪಟ್ಟಿಯಲ್ಲಿ ಸುತ್ತುಪಟ್ಟಿಯ ಬಾಬನ್ನು ಸೇರಿಸಿ ಕಳಿಸಿದ್ದೆವು. ಮೇಲಿನ ಕಚೇರಿಯೊಂದರಿಂದ ಅದು ಕೆಂಪು ಗೆರೆ ಎಳೆಸಿಕೊಂಡು ಮರಳಿತು. ಆ ಜಿಲ್ಲೆ ಕಡಿಮೆ ಅಪಾಯದ ವಲಯದಲ್ಲಿರುವುದರಿಂದ ಅನಾವಶ್ಯಕವೆಂಬ ಷರಾ ಅದರ ಮೇಲಿತ್ತು. ನಿಯಮದ ಪ್ರಕಾರ ಷರಾದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಕೊಯ್ನಾ, ಕಿಲ್ಲಾರಿಗಳ ಬಗ್ಗೆಯೂ ಅವು ನಡುಗುವ ಮುನ್ನ ಹಾಗೆಯೇ ಬರೆಯಬಹುದಿತ್ತು.

ಈಚೆಗೆ ಜಕ್ಕಲಿಯಲ್ಲಿ ಮಾಳಿಗೆ ಮನೆಗಳು ಒಂದೊಂದಾಗಿ ಇಳಿದು ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಮಣ್ಣಿನ ಭಾರ ಹೋಯಿತಲ್ಲ ಎಂದು ನೆಮ್ಮದಿಪಡುವಂತಿಲ್ಲ. ಕೆಲವರು ಹಳೆಯ ಕಲ್ಲುಮಣ್ಣಿನ ಗೋಡೆಯ ಮೇಲೆಯೇ ಹೊಸ ಕಾಂಕ್ರೀಟ್ ಸ್ಲ್ಯಾಬ್ ಕೂರಿಸುತ್ತಾರೆ. ಕಳೆದ ವರ್ಷ ಊರಿಗೆ ಹೋದಾಗ ಹೊಸ ಮನೆಯೊಂದರ ಕೆಲಸ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಬಾಗಿಲು ಕಿಟಕಿಗಳ ಮೇಲೆ ಮಾತ್ರ ತುಂಡು ತುಂಡಾಗಿ ಕಾಂಕ್ರೀಟ್ ಹಾಕಿದ್ದರು. ಸುತ್ತಲೂ ಕೂಡಿಸಿ ಹಾಕಲು ಬರುವುದಿಲ್ಲವೇ ಎಂದು ಗೌಂಡಿಯನ್ನು ಕೇಳಿದೆ. ಬರುವುದಕ್ಕೇನು ಸಾಹೇಬರೇ, ಹುಬ್ಬಳ್ಳಿಯಲ್ಲಿ ದುಡಿಯುವಾಗ ಹಾಕಿದ್ದೇನೆ, ಮನೆಯವರು ಕಬ್ಬಿಣ ತರಿಸಿಕೊಟ್ಟರೆ ಒಂದೂವರೆ ದಿನದ ಕೆಲಸ ಎಂದು ಹೇಳಿ, ಆತ ಮತ್ತೆ ಕರಣೆ ಕೈಗೆತ್ತಿಕೊಂಡ.